ಕುಲುಮೆಯಿಂದ ಮೇಜಿನವರೆಗೆ: ಸೋಲ್ಡರಿಂಗ್ ಐರನ್ ನಡೆದುಬಂದ ದಾರಿ



ಆಲಮಟ್ಟಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕೃಷ್ಣಾ ನದಿಗೆ ಅಡ್ಡಲಾಗಿ ಕಟ್ಟಿರುವ ಅಣೆಕಟ್ಟು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಇದಕ್ಕೆ ಅಡಿಗಲ್ಲು ಹಾಕಿದರು. ಜಲಾಶಯಕ್ಕೆ ಇಂದು ಅವರದೇ ಹೆಸರಿದೆ. ಅಣೆಕಟ್ಟಿನ ವಿದ್ಯುದಾಗಾರದ ಆರು ಯಂತ್ರಗಳು 2004 ಮತ್ತು 2005ರಲ್ಲಿ ಕೆಲಸಕ್ಕೆ ಬಂದವು. ನದಿಯಲ್ಲಿ ನೀರು ತುಂಬಿ ಹರಿಯುವಾಗ ಈ ಆರೂ ಯಂತ್ರಗಳು ಸೇರಿ 290 ಮೆಗಾವಾಟ್, ಅಂದರೆ 29 ಕೋಟಿ ವಾಟ್ ವಿದ್ಯುತ್ ಕೊಡಬಲ್ಲವು. ಈ ಲೇಖನ ಅಷ್ಟು ದೊಡ್ಡ ಶಕ್ತಿಯ ಬಗ್ಗೆ ಅಲ್ಲ. ಅದರಲ್ಲಿ ಬರೀ 25 ವಾಟ್ ಬೇಡುವ ಒಂದು ಪುಟ್ಟ ಉಪಕರಣದ ಬಗ್ಗೆ. ಅದೇ ಸೋಲ್ಡರಿಂಗ್ ಐರನ್.

ಒಂದು ಸನ್ನಿವೇಶವನ್ನು ಊಹಿಸಿಕೊಳ್ಳೋಣ. ಅಣೆಕಟ್ಟಿನ ಆಸುಪಾಸಿನ ಹಳ್ಳಿಯ ಹುಡುಗನೊಬ್ಬ ಅಜ್ಜನ ಹಳೆಯ ರೇಡಿಯೋವನ್ನು ಬಿಚ್ಚುತ್ತಾನೆ. ಬ್ಯಾಟರಿಯಿಂದ ಬಂದ ಕೆಂಪು ತಂತಿ ಕಿತ್ತುಹೋಗಿದೆ. ಮತ್ತೆ ಅಂಟಿಸಿದರೆ ರೇಡಿಯೋ ಹಾಡುತ್ತದೆ. ಹುಡುಗ ಪಾತ್ರೆ ರಿಪೇರಿಯವರಿಂದ 100 ವಾಟಿನ ಐರನ್ ತಂದು ಮುಟ್ಟಿಸುತ್ತಾನೆ. ಹಲಗೆಯ ತಾಮ್ರದ ಪಟ್ಟಿ ಸಿಪ್ಪೆಯಂತೆ ಎದ್ದು ಬರುತ್ತದೆ. ಹೆದರಿ, ಗೆಳೆಯನ ಬಳಿಯಿದ್ದ ತೀರ ಚಿಕ್ಕ ಐರನ್ ತರುತ್ತಾನೆ. ಅದನ್ನು ಅರ್ಧ ನಿಮಿಷ ಒತ್ತಿ ಹಿಡಿದರೂ ಸೀಸ ಸರಿಯಾಗಿ ಕರಗುವುದಿಲ್ಲ, ತಂತಿಯ ಪ್ಲಾಸ್ಟಿಕ್ ಮಾತ್ರ ಕರಗುತ್ತದೆ. ಅಂಗಡಿಯ ರಿಪೇರಿಯವರು ನೋಡಿ ಹೇಳುತ್ತಾರೆ: “ತಮ್ಮಾ, ಮೊದಲನೆಯದಕ್ಕ ಕಾವು ಹೆಚ್ಚಾತು, ಎರಡನೆಯದಕ್ಕ ಹೊತ್ತು ಹೆಚ್ಚಾತು.”

ಈ ಒಂದು ಮಾತಿನಲ್ಲಿ ಸೋಲ್ಡರಿಂಗ್ ಐರನ್ನಿನ ಇಡೀ ಚರಿತ್ರೆ ಅಡಗಿದೆ. ಕೆಲಸಕ್ಕೆ ತಕ್ಕಷ್ಟು ಕಾವು, ತಕ್ಕಷ್ಟು ಹೊತ್ತು ಕೊಡುವುದು ಹೇಗೆ ಎಂಬ ಪ್ರಶ್ನೆಗೆ ಒಂದೊಂದು ಕಾಲದ ಜನ ಒಂದೊಂದು ಉತ್ತರ ಕಂಡುಕೊಂಡರು. ಆ ಉತ್ತರಗಳನ್ನು ಕ್ರಮವಾಗಿ ತಿಳಿದುಕೊಂಡರೆ, ಅಂಗಡಿಯಲ್ಲಿ ಯಾವ ಐರನ್ ಕೊಳ್ಳಬೇಕು ಎಂಬುದೂ ತಾನಾಗಿ ತಿಳಿಯುತ್ತದೆ.

ಪತ್ತಾರರ ಊದುಗೊಳವೆ, ಕಲಾಯಿಯವರ ತವರ

ಲೋಹಕ್ಕೆ ಲೋಹ ಕೂಡಿಸುವ ವಿದ್ಯೆ ವಿದ್ಯುತ್ತಿಗಿಂತ ಬಹಳ ಹಳೆಯದು. ಬೆಸುಗೆ ಎಂಬ ಮಾತನ್ನು ನಾವು ವೆಲ್ಡಿಂಗಿಗೂ ಬಳಸುತ್ತೇವೆ. ಆದರೆ ಎರಡಕ್ಕೂ ವ್ಯತ್ಯಾಸವಿದೆ. ವೆಲ್ಡಿಂಗಿನಲ್ಲಿ ಕೂಡಿಸಬೇಕಾದ ಲೋಹಗಳೇ ಕರಗಿ ಒಂದಾಗುತ್ತವೆ. ಸೋಲ್ಡರಿಂಗಿನಲ್ಲಿ ಅವು ಕರಗುವುದಿಲ್ಲ. ಅವುಗಳಿಗಿಂತ ಬೇಗ ಕರಗುವ ಮೂರನೆಯ ಲೋಹವೊಂದು ನಡುವೆ ಹರಿದು, ಎರಡನ್ನೂ ಹಿಡಿದು ಆರುತ್ತದೆ.

ನಮ್ಮ ಊರುಗಳ ಪತ್ತಾರರು ಚಿನ್ನದ ಸರದ ಕೊಂಡಿಯನ್ನು ಕೂಡಿಸುವುದು ಹೀಗೆಯೇ. ಬಿಳಿಗಾರವನ್ನು ಹಚ್ಚಿ, ಊದುಗೊಳವೆಯಿಂದ ದೀಪದ ಉರಿಯನ್ನು ಸೂಜಿಯಂತೆ ಚೂಪು ಮಾಡಿ, ಬೇಕಾದ ಜಾಗಕ್ಕೆ ಮಾತ್ರ ಕಾವು ಮುಟ್ಟಿಸುತ್ತಾರೆ. ಕೆಲಸ ಸಣ್ಣದು, ಉರಿಯೂ ಸಣ್ಣದು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರ ರೀತಿ ಬೇರೆ. ಇಡೀ ಪಾತ್ರೆಯನ್ನು ಇದ್ದಿಲ ಒಲೆಯ ಮೇಲೆ ಕಾಯಿಸಿ, ನವಸಾಗರದ ಪುಡಿ ಹಾಕಿ ಅರಳೆಯಿಂದ ಉಜ್ಜಿ, ತವರವನ್ನು ಮುಟ್ಟಿಸಿದರೆ ಅದು ಬೆಳ್ಳಿಯಂತೆ ಹರಡಿಕೊಳ್ಳುತ್ತದೆ. ನವಸಾಗರ ಹಾಕದಿದ್ದರೆ ತವರ ಹರಡುವುದಿಲ್ಲ, ಗುಂಡಾಗಿ ಉರುಳಾಡುತ್ತದೆ. ಕಾದ ಲೋಹದ ಮೇಲೆ ಗಾಳಿಯ ಆಮ್ಲಜನಕದಿಂದ ಕಿಲುಬಿನಂಥ ಪದರ ಕಟ್ಟುವುದೇ ಇದಕ್ಕೆ ಕಾರಣ. ಬಿಳಿಗಾರ, ನವಸಾಗರಗಳು ಆ ಪದರವನ್ನು ತೆಗೆಯುತ್ತವೆ. ಇಂದು ನಾವು ಫ್ಲಕ್ಸ್ ಎಂದು ಕರೆಯುವುದು ಇದನ್ನೇ.

ಸೀಸ ಮತ್ತು ತವರ ಕೂಡಿದ ಬೆಸುಗೆಯೂ ಪ್ರಾಚೀನವೇ. ರೋಮನ್ನರು ನೀರಿನ ಸೀಸದ ಕೊಳವೆಗಳನ್ನು ಇದರಿಂದ ಕೂಡಿಸುತ್ತಿದ್ದರು. ಸೀಸಕ್ಕೆ ಲ್ಯಾಟಿನ್ ಭಾಷೆಯಲ್ಲಿ ‘ಪ್ಲಂಬಂ’ ಎಂದು ಹೆಸರು. ನಲ್ಲಿ ರಿಪೇರಿ ಮಾಡುವವರನ್ನು ‘ಪ್ಲಂಬರ್’ ಎನ್ನುವುದು ಅಲ್ಲಿಂದಲೇ ಬಂತು. ಈ ಮಿಶ್ರಣದ ಗುಣವೊಂದು ಗಮನಿಸುವಂಥದು. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸೀಸ ಕರಗುವುದು 327 ಡಿಗ್ರಿಯಲ್ಲಿ. ಆದರೆ 63 ಪಾಲು ತವರಕ್ಕೆ 37 ಪಾಲು ಸೀಸ ಬೆರೆಸಿದರೆ ಆ ಮಿಶ್ರಲೋಹ 183 ಡಿಗ್ರಿಯಲ್ಲೇ ಕರಗುತ್ತದೆ. ಎರಡಕ್ಕಿಂತಲೂ ಬೇಗ! ಎಲೆಕ್ಟ್ರಾನಿಕ್ಸ್ ಉದ್ಯಮ ಬೆಳೆದು ನಿಂತದ್ದು ಈ ಒಂದು ಗುಣದ ಮೇಲೆ ಎಂದರೆ ಹೆಚ್ಚಾಗದು.

ಇದ್ದಿಲಿನಿಂದ ನೈಕ್ರೋಮ್ ತಂತಿಗೆ

ಐರನ್ ಎಂದರೆ ಕಬ್ಬಿಣ. ಆದರೆ ಸೋಲ್ಡರಿಂಗ್ ಐರನ್ನಿನ ತುದಿ ತಾಮ್ರದ್ದು. ತಾಮ್ರ ಕಬ್ಬಿಣಕ್ಕಿಂತ ಸುಮಾರು ಐದು ಪಟ್ಟು ಚೆನ್ನಾಗಿ ಶಾಖವನ್ನು ಹರಿಸುತ್ತದೆ ಎಂಬುದೇ ಇದಕ್ಕೆ ಕಾರಣ. ಹತ್ತೊಂಬತ್ತನೆಯ ಶತಮಾನದಲ್ಲಿ ತಂತಿ ಮತ್ತು ದೂರವಾಣಿಯ ಜಾಲಗಳು ಹರಡಿದಾಗ ಕೆಲಸಗಾರರು ದಪ್ಪ ತಾಮ್ರದ ಗಟ್ಟಿಯನ್ನು ಇದ್ದಿಲ ಒಲೆಯಲ್ಲಿ ಕಾಯಿಸಿ, ಅದು ಆರುವುದರೊಳಗೆ ತಂತಿಗಳನ್ನು ಕೂಡಿಸುತ್ತಿದ್ದರು. ಆರಿದೊಡನೆ ಮತ್ತೆ ಒಲೆಗೆ ಇಡಬೇಕು. ಅದಕ್ಕಾಗಿಯೇ ಒಬ್ಬನ ಬಳಿ ಎರಡು ಐರನ್ ಇರುವುದು ವಾಡಿಕೆ, ಒಂದು ಕೈಯಲ್ಲಿ, ಇನ್ನೊಂದು ಒಲೆಯಲ್ಲಿ.

ವಿದ್ಯುತ್ ಬಂದ ಮೇಲೂ ಒಂದು ಅಡ್ಡಿ ಉಳಿದಿತ್ತು. ಕೆಂಪಗೆ ಕಾದರೂ ಬೇಗ ಸುಟ್ಟುಹೋಗದ ತಂತಿ ಬೇಕಾಗಿತ್ತು. 1906ರಲ್ಲಿ ಅಮೆರಿಕದ ಆಲ್ಬರ್ಟ್ ಮಾರ್ಷ್ ಅವರು ಪೇಟೆಂಟ್ ಪಡೆದ ನಿಕ್ಕಲ್ ಮತ್ತು ಕ್ರೋಮಿಯಂ ಮಿಶ್ರಲೋಹ, ಅಂದರೆ ನೈಕ್ರೋಮ್, ಈ ಅಡ್ಡಿಯನ್ನು ನಿವಾರಿಸಿತು. ಇಸ್ತ್ರಿಪೆಟ್ಟಿಗೆ, ವಿದ್ಯುತ್ ಒಲೆ, ಸೋಲ್ಡರಿಂಗ್ ಐರನ್ ಎಲ್ಲಕ್ಕೂ ಇದು ಜೀವಾಳವಾಯಿತು. ಅಭ್ರಕದ ಹಾಳೆಗೆ ಈ ತಂತಿಯನ್ನು ಸುತ್ತಿ, ಅದರೊಳಗೆ ತಾಮ್ರದ ಕಡ್ಡಿಯನ್ನು ತೂರಿಸಿದರೆ ವಿದ್ಯುತ್ ಐರನ್ ಸಿದ್ಧ. 1921ರಲ್ಲಿ ಜರ್ಮನಿಯ ಅರ್ನ್ಸ್ಟ್ ಸಾಕ್ಸ್ ಅವರು ಇದನ್ನು ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಿಸತೊಡಗಿದರು. ಅಮೆರಿಕದ ಕಾರ್ಲ್ ವೆಲ್ಲರ್ ಅವರಿಗೆ 1946ರಲ್ಲಿ ಸೋಲ್ಡರಿಂಗ್ ಗನ್ನಿಗೆ ಪೇಟೆಂಟ್ ದೊರೆಯಿತು. ಕುದುರೆ ಒತ್ತಿದ ಕೆಲವೇ ಕ್ಷಣಗಳಲ್ಲಿ ಕಾಯುವ ಇದು ರೇಡಿಯೋ ರಿಪೇರಿಯವರಿಗೆ ಮೆಚ್ಚಿನ ಸಾಧನವಾಯಿತು.

ವಾಲ್ವ್ ರೇಡಿಯೋದ ಕಾಲ

ಕನ್ನಡ ನಾಡಿನಲ್ಲಿ ಬಾನುಲಿಯ ಕಥೆ ಆರಂಭವಾಗುವುದು 1935ರ ಸೆಪ್ಟೆಂಬರ್ 10ರಂದು. ಅಂದು ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದರು. ನಮ್ಮ ಉತ್ತರ ಕರ್ನಾಟಕಕ್ಕೆ 1950ರ ಜನವರಿ 8ರಂದು ಧಾರವಾಡ ಕೇಂದ್ರ ಬಂತು. 1948ರಲ್ಲಿ ಬೆಂಗಳೂರಿನಲ್ಲಿ ಐ.ಟಿ.ಐ. ಕಾರ್ಖಾನೆ, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾದವು. ದೂರವಾಣಿ ಮತ್ತು ರೇಡಿಯೋ ಉಪಕರಣಗಳ ಒಂದೊಂದು ತಂತಿಯನ್ನೂ ಬೆಸೆಯುವ ಕೈಗಳು ಆಗ ನಾಡಿನಲ್ಲೇ ತಯಾರಾಗತೊಡಗಿದವು.

ಆ ಕಾಲದ ರೇಡಿಯೋದಲ್ಲಿ ವಾಲ್ವುಗಳಿದ್ದವು. ದಪ್ಪ ತಗಡಿನ ತಳಹದಿಯ ಮೇಲೆ ವಾಲ್ವ್ ಕೂರಿಸಿ, ಕೆಳಗೆ ತಂತಿಗಳನ್ನು ಲೋಹದ ಕಿವಿಗಳಿಗೆ ಸುತ್ತಿ ಬೆಸೆಯುತ್ತಿದ್ದರು. ತಗಡು ಶಾಖವನ್ನು ಹೀರಿಕೊಂಡುಬಿಡುತ್ತದೆ. ಅದಕ್ಕೆ 60 ಅಥವಾ 100 ವಾಟಿನ ಐರನ್ನೇ ಬೇಕು. ಅಷ್ಟು ಕಾವಿಗೆ ಕೆಡುವಂಥ ನಾಜೂಕಿನ ಭಾಗಗಳೂ ಅದರಲ್ಲಿ ಕಡಿಮೆ. ಹೀಗೆ ದಪ್ಪ ಐರನ್ ಆ ಕಾಲಕ್ಕೆ ಸರಿಯಾದ ಆಯ್ಕೆಯೇ ಆಗಿತ್ತು.

ಟ್ರಾನ್ಸಿಸ್ಟರ್ ತಂದ ಬದಲಾವಣೆ

1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. 1954ರಲ್ಲಿ ಜೇಬಿನಲ್ಲಿ ಹಿಡಿಯುವ ರೇಡಿಯೋ ಅಲ್ಲಿನ ಪೇಟೆಗೆ ಬಂತು. ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದ ಆರಂಭದಲ್ಲಿ ವಾಲ್ವುಗಳನ್ನೂ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ ತಯಾರಿಸತೊಡಗಿತು. ಜರ್ಮೇನಿಯಂ ಟ್ರಾನ್ಸಿಸ್ಟರಿನ ಒಳಗಿನ ಹರಳು 100 ಡಿಗ್ರಿ ಮುಟ್ಟುವ ಮೊದಲೇ ಕೆಡಬಲ್ಲದು. ಬೆಸುಗೆಗೆ ಬೇಕಾದದ್ದೋ 183 ಡಿಗ್ರಿಗಿಂತ ಹೆಚ್ಚು. ಹಾಗಾಗಿ ಆಗಿನ ರಿಪೇರಿಯವರು ಟ್ರಾನ್ಸಿಸ್ಟರಿನ ಕಾಲನ್ನು ಇಕ್ಕಳದಿಂದ ಹಿಡಿದುಕೊಂಡು ಬೆಸೆಯುತ್ತಿದ್ದರು. ಮೇಲಕ್ಕೇರುವ ಶಾಖವನ್ನು ಇಕ್ಕಳ ಹೀರಿಕೊಳ್ಳುತ್ತಿತ್ತು.

ಇದರ ಜೊತೆಗೆ ಮುದ್ರಿತ ಮಂಡಲದ ಹಲಗೆಗಳೂ ಬಂದವು. 1936ರ ಸುಮಾರಿಗೆ ಲಂಡನ್ನಿನಲ್ಲಿ ಆಸ್ಟ್ರಿಯಾ ಮೂಲದ ಪಾಲ್ ಐಸ್ಲರ್ ಅವರು ಇದನ್ನು ರೂಪಿಸಿದ್ದರು. ತಂತಿಗಳ ಬದಲು, ಹಲಗೆಗೆ ಅಂಟಿಸಿದ ತೆಳುವಾದ ತಾಮ್ರದ ಪಟ್ಟಿಗಳು. ಈ ತಾಮ್ರದ ದಪ್ಪ ಸಾಮಾನ್ಯವಾಗಿ 35 ಮೈಕ್ರಾನ್. ಅಂದರೆ ಮಿಲಿಮೀಟರಿನ ನೂರನೆಯ ಒಂದು ಪಾಲಿನ ಮೂರೂವರೆ ಪಟ್ಟು ಮಾತ್ರ. ಕಾವು ಹೆಚ್ಚಾದರೆ ಅಂಟು ಬಿಟ್ಟು ಪಟ್ಟಿ ಮೇಲೇಳುತ್ತದೆ. ಅಜ್ಜನ ರೇಡಿಯೋಗೆ ಆದದ್ದು ಇದೇ. ವಾಲ್ವಿನ ಕಾಲದ ಐರನ್ನನ್ನು ಟ್ರಾನ್ಸಿಸ್ಟರಿನ ಕಾಲದ ಹಲಗೆಗೆ ಮುಟ್ಟಿಸಲಾಯಿತು.

ಹಳ್ಳಿಗೆ ಬಂದ ದೂರದರ್ಶನ

ನಮ್ಮ ಜಿಲ್ಲೆಯ ಮಟ್ಟಿಗೆ 1975ನೆಯ ಇಸವಿ ಮರೆಯಲಾಗದ್ದು. ಆ ವರ್ಷದ ಆಗಸ್ಟ್ 1ರಂದು ‘ಸೈಟ್’ ಎಂಬ ಉಪಗ್ರಹ ಬೋಧನಾ ಪ್ರಯೋಗ ಆರಂಭವಾಯಿತು. ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನ ತಲುಪಿತು. ಕರ್ನಾಟಕದಲ್ಲಿ ಇದಕ್ಕೆ ಆಯ್ಕೆಯಾದವು ಆಗಿನ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳು. ಆಲಮಟ್ಟಿ ಇರುವುದು ಅದೇ ಬಿಜಾಪುರ, ಇಂದಿನ ವಿಜಯಪುರ ಜಿಲ್ಲೆಯಲ್ಲಿ. ಬೆಂಗಳೂರಿಗೆ ದೂರದರ್ಶನ ಬರುವ ಮೊದಲೇ ಈ ಬರದ ಸೀಮೆಯ ಹಳ್ಳಿಗರು ಸಮುದಾಯದ ಸೆಟ್ಟಿನ ಮುಂದೆ ಕುಳಿತು ಕನ್ನಡದ ಕಾರ್ಯಕ್ರಮ ನೋಡಿದರು!

ಸುಮಾರು ಮೂರು ಮೀಟರ್ ಅಗಲದ ತಂತಿಜಾಲರಿಯ ಆಂಟೆನಾ, ಹೈದರಾಬಾದಿನ ಇ.ಸಿ.ಐ.ಎಲ್. ತಯಾರಿಸಿದ ಸೆಟ್ಟು, ಇವನ್ನು ಹಳ್ಳಿಗಳಲ್ಲಿ ಕೂರಿಸಿ ನೋಡಿಕೊಳ್ಳುವ ಹೊಣೆ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯದು. ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದ್ದರೇನು, ಸೆಟ್ಟಿನೊಳಗೆ ಒಂದು ಬೆಸುಗೆ ಬಿಟ್ಟರೆ ಇಡೀ ಊರಿಗೆ ಕತ್ತಲೆ. ದೂಳು ಮತ್ತು ಬಿಸಿಲಿನ ನಾಡಿನಲ್ಲಿ ಅದನ್ನು ಮತ್ತೆ ಬೆಳಗಿಸುವವನು ಕೈಚೀಲದಲ್ಲಿ ಸೋಲ್ಡರಿಂಗ್ ಐರನ್ ಹೊತ್ತ ಕುಶಲಕರ್ಮಿ. 1976ರ ಜುಲೈ 31ರಂದು ಪ್ರಯೋಗ ಮುಗಿಯಿತು. 1977ರಲ್ಲಿ ಗುಲ್ಬರ್ಗಾದಲ್ಲಿ ರಾಜ್ಯದ ಮೊದಲ ದೂರದರ್ಶನ ಕೇಂದ್ರ ಆರಂಭವಾಯಿತು. ಮುಂದಿನ ಎರಡು ದಶಕಗಳಲ್ಲಿ ತಾಲೂಕು ಊರುಗಳ ಬಜಾರಿನಲ್ಲಿ ರೇಡಿಯೋ-ಟಿ.ವಿ. ರಿಪೇರಿ ಅಂಗಡಿ ಇಲ್ಲದ ಬೀದಿ ಅಪರೂಪವೆನಿಸಿತು.

ಹಾಗಾದರೆ ಯಾವುದನ್ನು ಕೊಳ್ಳಬೇಕು?

ಈಗ ನಮ್ಮ ಪ್ರಶ್ನೆಗೆ ಬರೋಣ. ವಾಟ್ ಕಡಿಮೆಯಿದ್ದಷ್ಟೂ ಸುರಕ್ಷಿತ ಎಂದು ಅನೇಕರು ತಿಳಿದಿದ್ದಾರೆ. ಇದು ತಪ್ಪು. ಇಲ್ಲಿ ಉಷ್ಣತೆ ಬೇರೆ, ಶಾಖದ ಪ್ರಮಾಣ ಬೇರೆ ಎಂಬ ಭೌತಶಾಸ್ತ್ರದ ಪಾಠವನ್ನು ನೆನೆಯಬೇಕು. ಬೆಂಕಿಕಡ್ಡಿಯ ಉರಿ ಬಹಳ ಬಿಸಿ, ಆದರೆ ಅದರಿಂದ ಒಂದು ಕೊಡ ನೀರು ಕಾಯುವುದಿಲ್ಲ. ಹಾಗೆಯೇ ಚಿಕ್ಕ ಐರನ್ನಿನ ತುದಿ ಬಿಸಿಯಾಗಿದ್ದರೂ ಕೂಡುವ ಜಾಗಕ್ಕೆ ಬೇಕಾದಷ್ಟು ಶಾಖವನ್ನು ಬೇಗ ಕೊಡಲಾರದು. ಆಗ ನಾವು ಹೊತ್ತು ಹೆಚ್ಚು ಮಾಡುತ್ತೇವೆ. ಶಾಖ ನಿಧಾನವಾಗಿ ಹರಿದು ಪಕ್ಕದ ಭಾಗಗಳನ್ನೆಲ್ಲ ಸುಡುತ್ತದೆ. ಒಳ್ಳೆಯ ಬೆಸುಗೆ ಎರಡು ಮೂರು ಸೆಕೆಂಡಿನಲ್ಲಿ ಮುಗಿಯಬೇಕು. ಅಷ್ಟರಲ್ಲಿ ಮುಗಿಸಬಲ್ಲ ಐರನ್ನೇ ಆ ಕೆಲಸಕ್ಕೆ ತಕ್ಕದ್ದು.

ರೇಡಿಯೋ, ಆಟಿಕೆ, ಕಾಲೇಜಿನ ಪ್ರಯೋಗದ ಹಲಗೆ ಇಂಥವಕ್ಕೆ 25 ವಾಟಿನ ಐರನ್ ಸಾಕು. ದಪ್ಪ ತಂತಿ, ಬ್ಯಾಟರಿಯ ಕೊಂಡಿ, ತಗಡಿಗೆ 60 ವಾಟಿನದು ಬೇಕು. ಸೋಲ್ಡರಿಂಗ್ ಗನ್ನಿನ ಉಷ್ಣತೆ ಹತೋಟಿಗೆ ಸಿಗುವುದಿಲ್ಲ. ದಪ್ಪ ಕೆಲಸಕ್ಕೆ ಅದು ಒಳ್ಳೆಯದು, ಸಣ್ಣ ಹಲಗೆಗೆ ಬೇಡ.

ನಮ್ಮ ಹಳ್ಳಿಗಳಲ್ಲಿ ಇನ್ನೊಂದು ಲೆಕ್ಕವನ್ನೂ ಮಾಡಬೇಕು. 230 ವೋಲ್ಟಿಗೆ 25 ವಾಟ್ ಎಂದು ಬರೆದಿರುವ ಐರನ್ನಿನ ರೋಧವೆಷ್ಟು? ವೋಲ್ಟಿನ ವರ್ಗವನ್ನು ವಾಟಿನಿಂದ ಭಾಗಿಸಿದರೆ 2116 ಓಮ್. ನೈಕ್ರೋಮ್ ತಂತಿಯ ರೋಧ ಕಾವಿನಿಂದ ಹೆಚ್ಚು ಬದಲಾಗುವುದಿಲ್ಲ. ಸಂಜೆ ಪಂಪ್‌ಸೆಟ್ಟುಗಳು ಓಡುವಾಗ ವೋಲ್ಟೇಜ್ 180ಕ್ಕೆ ಇಳಿಯಿತೆನ್ನಿ. ಅದೇ ಐರನ್ ಆಗ ಕೊಡುವುದು ಸುಮಾರು 15 ವಾಟ್ ಮಾತ್ರ! ವೋಲ್ಟೇಜ್ ಐದರಲ್ಲಿ ಒಂದು ಪಾಲಿನಷ್ಟು ಇಳಿದರೆ ಶಾಖ ಐದರಲ್ಲಿ ಎರಡು ಪಾಲಿನಷ್ಟು ಇಳಿಯುತ್ತದೆ. ಮೇಲೆ ನೋಡಲು ಚೆನ್ನಾಗಿದ್ದು ಒಳಗೆ ಹಿಡಿಯದ ಬೆಸುಗೆ, ರಿಪೇರಿಯವರು ‘ಡ್ರೈ ಜಾಯಿಂಟ್’ ಎನ್ನುವುದು, ಹೀಗೂ ಹುಟ್ಟುತ್ತದೆ. ಅಣೆಕಟ್ಟಿನಲ್ಲಿ 29 ಕೋಟಿ ವಾಟ್ ಹುಟ್ಟಿದರೂ ನಮ್ಮ ಮೇಜಿನ ಮೇಲೆ ಹತ್ತು ವಾಟ್ ಕಡಿಮೆಯಾದರೆ ಕೆಲಸ ಕೆಟ್ಟಿತು.

ಈ ತೊಂದರೆಗೆ ಪರಿಹಾರವೆಂದರೆ ಉಷ್ಣತೆಯನ್ನು ತಾನೇ ಕಾಯ್ದುಕೊಳ್ಳುವ ಐರನ್. ಒಂದು ಗೊತ್ತಾದ ಉಷ್ಣತೆಯಲ್ಲಿ ಕೆಲವು ಲೋಹಗಳು ಕಾಂತಗುಣವನ್ನು ಕಳೆದುಕೊಳ್ಳುತ್ತವೆ ಎಂಬುದನ್ನು ಪಿಯರ್ ಕ್ಯೂರಿಯವರು 1895ರಲ್ಲಿ ವಿವರಿಸಿದ್ದರು. ವೆಲ್ಲರ್ ಕಂಪನಿ ಇದನ್ನೇ ಬಳಸಿಕೊಂಡಿತು. ತುದಿ ಸಾಕಷ್ಟು ಕಾದೊಡನೆ ಅದರ ಹಿಂಬದಿಯ ತುಣುಕು ಆಯಸ್ಕಾಂತವನ್ನು ಬಿಟ್ಟುಬಿಡುತ್ತದೆ, ವಿದ್ಯುತ್ ಕಡಿಯುತ್ತದೆ. ಆರಿದೊಡನೆ ಮತ್ತೆ ಸೆಳೆಯುತ್ತದೆ. ಇಂದಿನ ಸೋಲ್ಡರಿಂಗ್ ಸ್ಟೇಷನ್ನುಗಳಲ್ಲಿ ಈ ಕೆಲಸವನ್ನು ಸಂವೇದಕ ಮತ್ತು ಎಲೆಕ್ಟ್ರಾನಿಕ್ ಮಂಡಲ ಮಾಡುತ್ತವೆ. ಇಂಥ ಐರನ್ನಿನ ವಾಟ್ ಹೆಚ್ಚಿದ್ದರೂ ಭಯವಿಲ್ಲ. ಬೇಕಾದಾಗ ಮಾತ್ರ ಅದು ಶಾಖ ಕೊಡುತ್ತದೆ. ಮೊಬೈಲಿನ ಎಳ್ಳಿನಷ್ಟು ಚಿಕ್ಕ ಭಾಗಗಳಿಗೆ ಇದೇ ಬೇಕು. ಕೆಲವಕ್ಕೆ ಬಿಸಿಗಾಳಿಯೂ ಬೇಕು. ಕಲಿಯುವವರಿಗೆ ಮೊದಲ ದಿನವೇ ಇದು ಬೇಕಿಲ್ಲ. ರಿಪೇರಿಯನ್ನೇ ಜೀವನೋಪಾಯ ಮಾಡಿಕೊಳ್ಳುವವರು ಮಾತ್ರ ಇದಕ್ಕಾಗಿ ಹಣ ಕೂಡಿಡುವುದು ಒಳ್ಳೆಯದು.

ತುದಿಯನ್ನೂ ನೋಡಿ ಕೊಳ್ಳಬೇಕು. ಬರಿಯ ತಾಮ್ರದ ತುದಿ ತವರದಲ್ಲಿ ನಿಧಾನವಾಗಿ ಕರಗಿ ಗುಳಿ ಬೀಳುತ್ತದೆ. ಅದನ್ನು ಅರದಿಂದ ಉಜ್ಜಿ ಸರಿಪಡಿಸಬಹುದು. ಕಬ್ಬಿಣದ ಲೇಪವಿರುವ ತುದಿ ಬಹಳ ಕಾಲ ಬಾಳುತ್ತದೆ, ಆದರೆ ಅದಕ್ಕೆ ಅರ ಮುಟ್ಟಿಸಬಾರದು. ಎರಡಕ್ಕೂ ಕಾದೊಡನೆ ಬೆಸುಗೆ ಸವರಿ ‘ಕಲಾಯಿ’ ಮಾಡಿ ಇಡಬೇಕು. ಕಲಾಯಿಯವರ ಪಾಠ ಇಲ್ಲಿಯೂ ನಿಜ. ಆದರೆ ನವಸಾಗರ ಮಾತ್ರ ಬೇಡ. ಅದು ತಂತಿಯನ್ನು ತಿಂದುಹಾಕುತ್ತದೆ. ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಒಳಗೆ ರಾಳ ತುಂಬಿದ ಬೆಸುಗೆ ತಂತಿಯನ್ನೇ ಬಳಸಬೇಕು. ಪ್ಲಗ್ಗು ಮೂರು ಪಿನ್ನಿನದಾಗಿರಲಿ. ಅರ್ತಿಂಗ್ ಇಲ್ಲದ ಐರನ್ನಿನಿಂದ ಸೋರುವ ವಿದ್ಯುತ್ ಸೂಕ್ಷ್ಮವಾದ ಐ.ಸಿ.ಗಳನ್ನು ಕೊಲ್ಲಬಲ್ಲದು, ಕೈಗೂ ಷಾಕ್ ಹೊಡೆಯಬಲ್ಲದು.

ಎಚ್ಚರಿಕೆಯ ಮಾತು

ಬೆಸೆಯುವಾಗ ಏಳುವ ಹೊಗೆ ಸೀಸದ್ದಲ್ಲ, ರಾಳದ್ದು. ಆದರೂ ಅದು ಶ್ವಾಸಕ್ಕೆ ಒಳ್ಳೆಯದಲ್ಲ. ಕಿಟಕಿ ತೆರೆದಿಟ್ಟು ಕೆಲಸ ಮಾಡಿ. ಸೀಸ ಮೈಸೇರುವುದು ಹೆಚ್ಚಾಗಿ ಬೆರಳಿನಿಂದ ಬಾಯಿಗೆ. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯದೆ ಊಟಕ್ಕೆ ಕೂರಬೇಡಿ. ಸೀಸದ ವಿಷದ ಕಾರಣದಿಂದಲೇ ಯುರೋಪಿನಲ್ಲಿ 2006ರ ಜುಲೈ 1ರಿಂದ ಹೊಸ ಎಲೆಕ್ಟ್ರಾನಿಕ್ ಸಾಮಗ್ರಿಗಳಲ್ಲಿ ಅದರ ಬಳಕೆಗೆ ಮಿತಿ ಹಾಕಲಾಯಿತು. ನಮ್ಮ ದೇಶದ 2011ರ ಇ-ತ್ಯಾಜ್ಯ ನಿಯಮಗಳೂ ಅದೇ ದಾರಿ ಹಿಡಿದವು. ತವರ, ಬೆಳ್ಳಿ, ತಾಮ್ರ ಬೆರೆತ ಸೀಸರಹಿತ ಬೆಸುಗೆ ಕರಗುವುದು ಸುಮಾರು 217 ಡಿಗ್ರಿಯಲ್ಲಿ. ಆದ್ದರಿಂದ ಹೊಸ ಸಾಮಾನಿನ ಬೆಸುಗೆ ಹಳೆಯದಕ್ಕಿಂತ ಹೆಚ್ಚು ಕಾವನ್ನು ಬೇಡುತ್ತದೆ. ಆರಿದ ಮೇಲೆ ಅದು ಸ್ವಲ್ಪ ಮಂಕಾಗಿ ಕಾಣುವುದೂ ಸಹಜ. ಇನ್ನು, ಹಳೆಯ ಟಿ.ವಿ.ಯ ಚಿತ್ರನಳಿಕೆ ಪ್ಲಗ್ ಕಿತ್ತ ಮೇಲೂ ಸಾವಿರಾರು ವೋಲ್ಟ್ ಹಿಡಿದಿಟ್ಟುಕೊಂಡಿರುತ್ತದೆ. ಅನುಭವಿಗಳು ಜೊತೆಗಿಲ್ಲದೆ ಅದನ್ನು ಬಿಚ್ಚಲೇಬಾರದು.

ಮಿತ್ರರೇ, ಅಜ್ಜನ ರೇಡಿಯೋ ಏನಾಯಿತು ಎಂದು ಕೇಳುವಿರಾ? ಎದ್ದುಹೋದ ಪಟ್ಟಿಯ ಜಾಗದಲ್ಲಿ ಒಂದು ತೆಳುವಾದ ತಂತಿಯನ್ನು ಹಾಯಿಸಿ, 25 ವಾಟಿನ ಐರನ್ನಿನಿಂದ ಎರಡೇ ಸೆಕೆಂಡಿನಲ್ಲಿ ಬೆಸೆದರೆ ಅದು ಮತ್ತೆ ಮಾತಾಡುತ್ತದೆ. ಕೆಟ್ಟದ್ದನ್ನು ಎಸೆಯುವುದು ಸುಲಭವಾಗಿರುವ ಈ ಕಾಲದಲ್ಲಿ ಕೆಟ್ಟದ್ದನ್ನು ಸರಿಪಡಿಸಬಲ್ಲ ಕೈಗೆ ಬೆಲೆ ಹೆಚ್ಚು. ಪತ್ತಾರರು ತಮ್ಮ ಊದುಗೊಳವೆಯಿಂದ ತಿಳಿದಿದ್ದನ್ನೇ ನಾವು ಈ ಪುಟ್ಟ ಐರನ್ನಿನಿಂದ ಮತ್ತೆ ಕಲಿಯಬೇಕಾಗಿದೆ. ಮೊದಲು ಕೆಲಸವನ್ನು ನೋಡಬೇಕು, ಆಮೇಲೆ ಉರಿಯನ್ನು ಆರಿಸಿಕೊಳ್ಳಬೇಕು.